ಬೋರ್ಡಿಲ್ಲದ ಗ್ಯಾರೇಜು, ಹದಿನೇಳು ವರ್ಷದ ವ್ಯಾಗನ್ ಆರ್

ಮೊದಲೇ ಹೇಳಿಬಿಡುತ್ತೇನೆ. ಈ ಗ್ಯಾರೇಜಿಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ, ಹೆಂಗಸರು ಕೂರುವಂಥ ಜಾಗವಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಕಲಬುರಗಿಯ ಹುಮನಾಬಾದ್ ಬೇಸ್ ಕಡೆಯಿಂದ ಒಳಗೆ ಹೋದರೆ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಶೆಡ್ಡು. ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ವರ್ಷಗಟ್ಟಲೆ ಆಯಿಲ್ ಕುಡಿದು ಎಮ್ಮೆ ಬಣ್ಣಕ್ಕೆ ಬಂದಿದೆ. ಯಜಮಾನರನ್ನು ಎಲ್ಲರೂ ಉಸ್ತಾದ್ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರು ನನ್ನನ್ನು ‘ಅಕ್ಕೋರೇ’ ಅಂತಾರೆ, ಯಾಕೆಂದರೆ ನಾನು ಸೇಡಂ ರಸ್ತೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಅಕ್ಕೋರು.

ನಮ್ಮದು 2008ರ ವ್ಯಾಗನ್ ಆರ್, ಕೆಎ 32. ನಾಲ್ಕು ಸಿಲಿಂಡರಿನ 1061 ಸಿಸಿ ಎಂಜಿನ್ನು, 2010ರಲ್ಲಿ ಮೂರು ಸಿಲಿಂಡರಿನದು ಬರುವ ಮುಂಚಿನದು. ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದ ಅಪ್ಪ ನಿವೃತ್ತಿಯ ದುಡ್ಡಲ್ಲಿ ಕೊಂಡಿದ್ದು. ಮನೆಯಲ್ಲಿ ಅದಕ್ಕೆ ಕಾರು ಅನ್ನುವುದಿಲ್ಲ, ‘ಗಾಡಿ’. ಗಾಡಿ ಮಾರುವ ಮಾತು ಮನೆಯಲ್ಲಿ ಮೂರು ಸಲ ಬಂತು. ಮೂರು ಸಲವೂ ಅಪ್ಪ ಊಟದ ತಾಟು ಬಿಟ್ಟು ಎದ್ದರು. ಹಾಗಾಗಿ ರಿಪೇರಿಯೊಂದೇ ದಾರಿ.

2022ರ ಮೇ ತಿಂಗಳು. ಜೇವರ್ಗಿಯಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ನಮ್ಮ ಮೇ ತಿಂಗಳು ಹ್ಯಾಂಗಿರುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. 42, 43 ಡಿಗ್ರಿ ಅಂದರೆ ಇಲ್ಲಿ ಸುದ್ದಿಯೇ ಅಲ್ಲ. ಎಸಿ ಹಾಕಿತ್ತು, ಹಿಂದೆ ಅವ್ವ, ತಂಗಿ, ತಂಗಿಯ ಮಗ. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟುವಾಗ ಎಸಿ ಬಿಸಿ ಗಾಳಿ ಬಿಡಲು ಶುರುಮಾಡಿತು. ನೋಡಿದರೆ ಟೆಂಪರೇಚರ್ ಮುಳ್ಳು ಮೇಲಿನ ಗೆರೆ ಮುಟ್ಟಿದೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಇಡ್ಲಿ ಪಾತ್ರೆ ತೆರೆದ ಹಾಗೆ ಹಬೆ. ನಾನು ಸೆರಗು ಸುತ್ತಿಕೊಂಡು ಎಂಜಿನ್ನಿನ ನೀರು ತಂಪು ಮಾಡುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದೆ. ಹಿಂದೆ ನಿಂತ ಲಾರಿಯಿಂದ ಡ್ರೈವರ್ ಜಿಗಿದು ಓಡಿ ಬಂದ. “ಏ ಅಕ್ಕಾ, ಮುಟ್ಟಬ್ಯಾಡ್ರಿ! ಮಾರಿ ಸುಟ್ಟು ಹೋಗ್ತದ!” ಮುಕ್ಕಾಲು ತಾಸು ಕೂತೆವು. ಆಮೇಲೆ ಅವನೇ ಮುಚ್ಚಳ ನಿಧಾನಕ್ಕೆ ಬಿಚ್ಚಿ, ತನ್ನ ಕ್ಯಾನಿನ ನೀರು ಹಾಕಿ, ಎಸಿ ಬಂದ್ ಮಾಡಿಸಿ ಕಳಿಸಿದ. ಫರಹತಾಬಾದಿನಲ್ಲಿ ಮತ್ತೊಮ್ಮೆ ನಿಲ್ಲಿಸಿ ನೀರು ಹಾಕಿ, ಹಾಗೂ ಹೀಗೂ ಮನೆ ಮುಟ್ಟಿದೆವು.

ಮರುದಿನ ಹೋಗಿದ್ದು ಉಸ್ತಾದರ ಹತ್ತಿರ ಅಲ್ಲ, ಒಂದು ದೊಡ್ಡ ಸರ್ವಿಸ್ ಸೆಂಟರಿಗೆ. ಹೆಸರು ಬೇಡ. ಸೋಫಾ ಇತ್ತು, ಕಾಫಿ ಮಷೀನು ಇತ್ತು, ಟೈ ಕಟ್ಟಿದ ಹುಡುಗ ಟ್ಯಾಬ್ ಹಿಡಿದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿದ. ಸಂಜೆಗೆ ಎಸ್ಟಿಮೇಟ್ ಬಂತು: 42,600 ರೂಪಾಯಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯ ಕೆಳಗೆ, ನೀರು, ಆಯಿಲ್, ಗ್ಯಾಸು ಒಂದಕ್ಕೊಂದು ಕೂಡದಂತೆ ತಡೆಯುವ ಸೀಲು), ರೇಡಿಯೇಟರ್, ವಾಟರ್ ಪಂಪ್, ಕ್ಲಚ್ ಸೆಟ್, ಮುಂದಿನ ಎರಡೂ ಶಾಕ್, ಜೊತೆಗೆ ಎಂಜಿನ್ ಒಳಗಿನ ಇಂಗಾಲ ತೆಗೆಯುವ ಏನೋ ಒಂದು ಪೂಜೆ. ಕ್ಲಚ್ ಯಾಕೆ ಅಂದೆ. “ಪೆಡಲ್ ಗಟ್ಟಿ ಇದೆ ಮೇಡಂ.” ಗ್ಯಾಸ್ಕೆಟ್ ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂದೆ. “ಹೀಟ್ ಆದರೆ ಅದೇ ಮೇಡಂ.” ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ಸೊನ್ನೆ ಹಾಕುತ್ತೇನೆ.

ಉಸ್ತಾದರ ಗುರುತು ಹೇಳಿದ್ದು ನಮ್ಮ ಓಣಿಯ ಆಟೋದವನು. ಗಾಡಿ ನಿಲ್ಲಿಸುತ್ತಲೇ ಅವರು ಮಾಡಿದ ಮೊದಲ ಕೆಲಸ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ಬೆರಳಾಡಿಸಿದ್ದು. ನನಗೂ ತೋರಿಸಿದರು. “ನೋಡ್ರಿ ಅಕ್ಕೋರೇ, ಕರ್ರಗ ಅದ. ಗ್ಯಾಸ್ಕೆಟ್ ಹೋಗಿದ್ರ ನೀರು ಆಯಿಲ್‌ದಾಗ ಕೂಡಿ, ಇದು ಹಾಲಿನ ಚಹಾ ಆದಂಗ ಆಗ್ತಿತ್ತು.” ಆಮೇಲೆ ತಣ್ಣಗಿದ್ದ ರೇಡಿಯೇಟರಿಗೆ ತುಂಬ ನೀರು ಹಾಕಿ, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿಸಿ, ಹತ್ತು ನಿಮಿಷ ಬಾವಿ ನೋಡುವ ಹಾಗೆ ಬಗ್ಗಿ ನೋಡಿದರು. ಒಂದೇ ಸಮ ಗುಳ್ಳೆ ಬಂದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಗುಳ್ಳೆ ಬರಲಿಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಅಲ್ಲಿಗೆ ಆ ಎಸ್ಟಿಮೇಟಿನ ಅತಿ ದೊಡ್ಡ ಖರ್ಚು ಉದುರಿಹೋಯಿತು.

ಇನ್ನು ಕ್ಲಚ್. ಹ್ಯಾಂಡ್ ಬ್ರೇಕ್ ಎಳೆಸಿ, ಮೂರನೇ ಗೇರಿಗೆ ಹಾಕಿಸಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ನಿಧಾನ ಬಿಡಿ ಅಂದರು. ಬಿಟ್ಟೆ, ಎಂಜಿನ್ ಗಕ್ಕನೆ ಬಂದ್ ಬಿತ್ತು. ಬಂದ್ ಬಿದ್ದರೆ ಪ್ಲೇಟು ಹಿಡಿಯುತ್ತಿದೆ, ಬೀಳದೆ ಎಂಜಿನ್ ಕೂಗುತ್ತಲೇ ಇದ್ದರೆ ಸವೆದಿದೆ. ಹಾಗಾದರೆ ಪೆಡಲ್ ಗಟ್ಟಿ ಯಾಕೆ? ಈ ಗಾಡಿಯಲ್ಲಿ ಕ್ಲಚ್ಚಿಗೆ ಕೇಬಲ್. ಅದು ಒಣಗಿ ಒಳಗೇ ತುಕ್ಕು ಹಿಡಿದಿತ್ತು. ಹೊಸ ಕೇಬಲ್ಲಿಗೆ 340 ರೂಪಾಯಿ. ಆಮೇಲೆ ಆ ಕ್ಲಚ್ ಸೆಟ್ ಇನ್ನೂ ಎರಡು ವರ್ಷ ಓಡಿತು. 2024ರಲ್ಲಿ ಅವರೇ “ಈಗ ಮಾಡಸ್ರಿ” ಅಂದರು, ಮಾಡಿಸಿದೆ. ನಾನು ಅವರನ್ನು ನಂಬಿದ್ದು ಇಂಥದ್ದರಿಂದ. ಏನು ಬದಲಿಸಬೇಕು ಅಂತ ಎಲ್ಲಾರೂ ಹೇಳುತ್ತಾರೆ, ಏನನ್ನು ಈಗಲೇ ಮುಟ್ಟಬಾರದು ಅಂತ ಹೇಳಿದ ಮೆಕ್ಯಾನಿಕ್ ನನಗೆ ಸಿಕ್ಕಿದ್ದು ಇವರೊಬ್ಬರೇ.

ಎಂಜಿನ್ ತಂಪಾಗಿಡುವ ಏರ್ಪಾಟಿನಲ್ಲಿ ಸಿಕ್ಕ ದೋಷ ಒಂದಲ್ಲ, ಮೂರ್ನಾಲ್ಕು. ಹಿಂದೆ ಯಾರೋ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದರು. ನಮ್ಮ ಕಡೆ ಇದೊಂದು ಹಳೇ ಚಾಳಿ, ‘ಬಿಸಿಲು ನಾಡು, ಅದು ಬ್ಯಾಡ್ರಿ’ ಅಂತ. ಆ ಪುಟ್ಟ ಬಾಗಿಲು ಎಂಜಿನ್ನಿನ ನೀರು ಸುಮಾರು 82 ಡಿಗ್ರಿ ಮುಟ್ಟುವವರೆಗೆ ಮುಚ್ಚಿರುತ್ತದೆ, ಆಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಕಿತ್ತು ಹಾಕಿದರೆ ಎಂಜಿನ್ ತನಗೆ ಬೇಕಾದಷ್ಟು ಬಿಸಿಯಾಗಲು ತಡ, ಚಳಿಗಾಲದಲ್ಲಿ ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಡಿಸೆಂಬರಿನಲ್ಲಿ ನಮ್ಮ ಗಾಡಿ ಯಾಕೆ ಅಷ್ಟು ಕುಡಿಯುತ್ತಿತ್ತು ಅಂತ ಅವತ್ತು ತಿಳಿಯಿತು. ಎರಡನೆಯದು ರೇಡಿಯೇಟರ್ ಫ್ಯಾನಿನ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು: ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಮೂರನೆಯದು ನಮ್ಮ ಮನೆಯದೇ ತಪ್ಪು. ಅಪ್ಪ ಹತ್ತು ವರ್ಷದಿಂದ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದರು. ನಮ್ಮ ಓಣಿಯ ಬೋರ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವೆ, ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ ಅಂತ ಹೊಳೆದಿರಲಿಲ್ಲ. ತೊಳೆದು ನೋಡಿದರು, ಅರ್ಧ ನಾಳ ಮುಚ್ಚಿಹೋಗಿದ್ದವು. ಹೊಸ ರೇಡಿಯೇಟರ್ ಬೇಕೇ ಬೇಕು ಅಂದರು. ಅಷ್ಟರಮಟ್ಟಿಗೆ ಆ ಟೈ ಹುಡುಗನ ಎಸ್ಟಿಮೇಟ್ ಸರಿಯಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಯದು ಮುಚ್ಚಳ. ಇದನ್ನು ಹೇಳಲು ನನಗೆ ನಾಚಿಕೆ. ಒತ್ತಡ ಹೆಚ್ಚಿದರೆ ಕುದಿಬಿಂದು ಹೆಚ್ಚುತ್ತದೆ, ಆದ್ದರಿಂದ ಪ್ರೆಶರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುತ್ತದೆ ಅಂತ ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ರೇಡಿಯೇಟರೂ ಒಂದು ಕುಕ್ಕರೇ. ಅದರ ಮುಚ್ಚಳದ ಮೇಲೆ 0.9 ಅಂತ ಬರೆದಿತ್ತು. ಅಂದರೆ ಹೊರಗಿನ ಗಾಳಿಗಿಂತ ಅಷ್ಟು (ಸುಮಾರು 0.9 ಬಾರ್) ಹೆಚ್ಚು ಒತ್ತಡವನ್ನು ಅದರ ಸ್ಪ್ರಿಂಗು ತಡೆದಿಡಬೇಕು. ತಡೆದರೆ ಒಳಗಿನ ನೀರು 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಸ್ಪ್ರಿಂಗು ಸಡಿಲಾದರೆ ಬರೀ ಪಾತ್ರೆಯ ನೀರಿನಂತೆ ನೂರರ ಹತ್ತಿರವೇ ಕುದಿಯುತ್ತದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ನೂರಕ್ಕಿಂತ ಒಂದೂವರೆ ಡಿಗ್ರಿ ಮೊದಲೇ. ಉಸ್ತಾದರು ಹಳೇ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿದರು, ಸ್ಪ್ರಿಂಗು ಮೆತ್ತಗೆ ಒಳಗೆ ಹೋಯಿತು. ಹೊಸದನ್ನು ನನ್ನ ಕೈಗೆ ಕೊಟ್ಟರು, ನನ್ನ ಹೆಬ್ಬೆರಳು ನೋಯಿತು. ನೂರಾ ಎಪ್ಪತ್ತು ರೂಪಾಯಿಯ ಮುಚ್ಚಳ. ಹಳೆಯದನ್ನು ಕೇಳಿ ಇಸಿದುಕೊಂಡೆ, ಈಗ ಅದು ನಮ್ಮ ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲಿದೆ.

ಲೆಕ್ಕ ಹೀಗಾಯಿತು: ರೇಡಿಯೇಟರ್ 3,400, ಥರ್ಮೋಸ್ಟಾಟ್ 480, ಮುಚ್ಚಳ 170, ಎರಡು ಹೋಸ್ ಪೈಪ್ 640, ಕೂಲಂಟ್ 900, ರಿಲೇ 160, ಕೂಲಿ 1,500. ಒಟ್ಟು 7,250. ಕೇಬಲ್ಲಿನದು ಬೇರೆ. ಸಾಮಾನನ್ನು ಅವರು ತರುವುದಿಲ್ಲ, ನಮ್ಮನ್ನೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅಟ್ಟುತ್ತಾರೆ. ಚೀಟಿಯಲ್ಲಿ ಬರೆದುಕೊಟ್ಟು “ಡಬ್ಬಿ ಮ್ಯಾಲ ರೇಟ್ ನೋಡ್ರಿ, ಸೀಲ್ ನೋಡ್ರಿ” ಅಂತಾರೆ. ಬಿಸಿಲಲ್ಲಿ ಎರಡೆರಡು ಸಲ ತಿರುಗಬೇಕು, ಅದು ರಗಳೆಯೇ. ಆದರೆ ಯಾವುದಕ್ಕೆ ಎಷ್ಟು ಹೋಯಿತು ಅನ್ನುವುದು ಪೈಸೆ ಸಮೇತ ನಮಗೆ ಗೊತ್ತು. ಕಳಚಿದ ಹಳೇ ಸಾಮಾನನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಡುತ್ತಾರೆ. ಎಸೆಯುವುದು ನಮ್ಮ ಕೆಲಸ.

ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ರಿ ಅಂತ ಕೇಳಿದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಆಗ 1,18,400 ಕಿಲೋಮೀಟರ್ ಓಡಿತ್ತು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ, ಲಕ್ಷಕ್ಕೊಮ್ಮೆ ಬದಲಿಸಬೇಕಾದ ರಬ್ಬರ್ ಬೆಲ್ಟು. ಕಿತ್ತರೆ ಮುನ್ಸೂಚನೆ ಇರುವುದಿಲ್ಲ, ಎಂಜಿನ್ ಇದ್ದಲ್ಲೇ ಸತ್ತಂತೆ ನಿಲ್ಲುತ್ತದೆ. ಉಸ್ತಾದರು ಒಂದೇ ಮಾತು ಅಂದರು: “ಸಾಬ್ರೇ, ಸೀಟ್ ಕವರ್ ಹೊಸಾದು ಹಾಕ್ಸೀರಿ, ಇದನ್ನ ಮರ್ತೀರಿ.” ಅಪ್ಪನಿಗೆ ಈ ಭಾಷೆಯಲ್ಲಿ ಮಾತಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಜೂನಿನಲ್ಲಿ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಎರಡೂ ಆದವು.

ಈಗ ದೂರುಗಳು. ‘ನಾಳಿ’ ಅನ್ನುವುದು ಅವರ ಬಾಯಲ್ಲಿ ಕ್ಯಾಲೆಂಡರಿನ ನಾಳೆ ಅಲ್ಲ. ರೇಡಿಯೇಟರಿನ ಕೆಲಸಕ್ಕೆ ನಾಳಿ ಅಂದವರು ಕೊಟ್ಟಿದ್ದು ನಾಲ್ಕನೇ ದಿನ. ನಡುವೆ ಒಂದು ಶುಕ್ರವಾರ ಬಂತು, ಶುಕ್ರವಾರ ಬಂದ್. ಬಂದೇನವಾಜರ ಉರುಸಿನ ದಿನಗಳಲ್ಲಂತೂ ಕೇಳಲೇಬೇಡಿ. ರಂಜಾನಿನಲ್ಲಿ ಹಗಲು ಅರ್ಧ ಕೆಲಸ, ಇಫ್ತಾರ್ ಆದ ಮೇಲೆ ರಾತ್ರಿ ಬಲ್ಬಿನ ಬೆಳಕಲ್ಲಿ ಉಳಿದರ್ಧ. ಹೆಂಗಸರು ಒಬ್ಬರೇ ಹೋಗಿ ಎರಡು ತಾಸು ನಿಲ್ಲುವ ಜಾಗ ಅದಲ್ಲ. ಗೌರವಕ್ಕೇನೂ ಕಡಿಮೆಯಿಲ್ಲ, ಆದರೆ ಇರುವುದೊಂದೇ ಬೆಂಚು, ಅದರ ಮೇಲೆ ಸದಾ ಯಾರದೋ ಗೇರ್ ಬಾಕ್ಸ್ ಮಲಗಿರುತ್ತದೆ. ಬಾತ್‌ರೂಮಿಲ್ಲ. ನಾನು ಮನೆಯಿಂದ ಮಡಚುವ ಕುರ್ಚಿ ಒಯ್ಯಲು ಶುರುಮಾಡಿದೆ. ಎರಡನೇ ಸಲಕ್ಕೆ ಉಸ್ತಾದರೇ ಅದನ್ನು ಇಸಿದುಕೊಂಡು ಬೇವಿನ ನೆರಳಿಗೆ ಹಾಕಿದರು, ಮೂರನೇ ಸಲಕ್ಕೆ ಅದರಲ್ಲಿ ಅವರೇ ಕೂತಿದ್ದರು.

ತಪ್ಪೂ ಮಾಡಿದ್ದಾರೆ. ರೇಡಿಯೇಟರ್ ಕೆಲಸದ ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಹಸಿರು ಕೆರೆ. ಕೆಳಗಿನ ಹೋಸಿನ ಕ್ಲಿಪ್ ಬಿಗಿ ಮಾಡಿರಲಿಲ್ಲ. ಫೋನ್ ಎತ್ತಲಿಲ್ಲ (ಹೇಳಿದೆನಲ್ಲ). ಆಟೋದವನ ಕೈಲಿ ಹೇಳಿ ಕಳಿಸಿದೆ. ಅರ್ಧ ತಾಸಿನಲ್ಲಿ ಸ್ಕೂಟರಿನ ಮೇಲೆ ತಾವೇ ಬಂದರು, ಕ್ಲಿಪ್ ಬಿಗಿದರು, ಕೂಲಂಟ್ ತಮ್ಮ ದುಡ್ಡಿನದು ಹಾಕಿದರು, ಚಹಾ ಬೇಡ ಅಂದರು. “ಹುಡುಗ ಮಾಡ್ಯಾನ್ರಿ” ಅನ್ನಲಿಲ್ಲ, “ನಂದೇ ತಪ್ಪಾಗ್ಯಾದ” ಅಂದರು. ಅವರ ಕೈಕೆಳಗಿನ ಆ ಹುಡುಗ ಐಟಿಐ ಮುಗಿಸಿದವನು, ಈಗ ಕಾರಿನ ದೋಷ ಓದಲು ಮೊಬೈಲಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ. ಹೊಸ ಕಾರುಗಳು ಬಂದರೆ ಉಸ್ತಾದರು ಅವನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಾರೆ. ಎಸಿ ಕೆಲಸ, ವೀಲ್ ಅಲೈನ್‌ಮೆಂಟ್, ಡೆಂಟಿಂಗ್ ಇಲ್ಲಿ ಇಲ್ಲ. ಬೇರೆಯವರ ಗುರುತು ಹೇಳುತ್ತಾರೆ ಅಷ್ಟೇ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನು ಶಾಲೆಗೆ ಹೋಗುವುದು ಬಸ್ಸಿನಲ್ಲೇ. ಗಾಡಿ ಅಪ್ಪನ ಆಸ್ಪತ್ರೆಗೆ, ಹುಣ್ಣಿಮೆಗೊಮ್ಮೆ ಗಾಣಗಾಪುರಕ್ಕೆ, ಅಷ್ಟೇ. ಓಡದ ಗಾಡಿಗೆ ಖರ್ಚಿಲ್ಲ ಅಂದುಕೊಂಡಿದ್ದೆ. ನಿಂತ ಗಾಡಿಗೆ ಬೇರೆಯೇ ರೋಗಗಳು. ಮೊದಲು ಇಲಿ. ಹಿಂದಿನ ಮನೆಯವರು ತೊಗರಿ ಚೀಲ ಇಟ್ಟಿದ್ದಾರೆ, ಇಲಿಗಳಿಗೆ ಊಟ ಅಲ್ಲಿ, ಸಂಸಾರ ನಮ್ಮ ಬಾನೆಟ್ಟಿನೊಳಗೆ. ಇಂಜೆಕ್ಟರಿನ ವೈರು ಕಡಿದಿದ್ದವು, ಗಾಡಿ ಮೂರು ಕಾಲಿನ ಕತ್ತೆಯಂತೆ ಓಡಿತು. ಉಸ್ತಾದರು ವೈರು ಜೋಡಿಸಿ, ಒಣ ತಂಬಾಕಿನ ಎಲೆ ಪೊಟ್ಟಣ ಕಟ್ಟಿ ಒಳಗೆ ತೂಗುಹಾಕಿದರು. ವಿಜ್ಞಾನದ ಅಕ್ಕೋರಾಗಿ ಇದಕ್ಕೆ ನನ್ನ ಹತ್ತಿರ ಪುರಾವೆಯಿಲ್ಲ, ಆದರೆ ಮತ್ತೆ ಇಲಿ ಬಂದಿಲ್ಲ. ಆಮೇಲೆ ಬ್ಯಾಟರಿ, ಬ್ಯಾಟರಿಗೆ ಬಿಸಿಲೇ ವೈರಿ, ಅದರ ಮೇಲೆ ವಾರಗಟ್ಟಲೆ ಚಾರ್ಜಿಲ್ಲದೆ ನಿಂತರೆ ಮುಗಿಯಿತು. ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ, ನಿಂತಲ್ಲೇ ಚಾಲೂ ಮಾಡಿ ಬಂದ್ ಮಾಡಬೇಡಿ ಅಂದರು. ಈಗ ರವಿವಾರ ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ಬುದ್ಧ ವಿಹಾರದವರೆಗೆ ಹೋಗಿ ಬರುತ್ತೇವೆ. ಗಾಡಿಯ ನೆಪದಲ್ಲಿ ಅಪ್ಪನಿಗೂ ಗಾಳಿ.

ಟೈರಿನ ವಿಷಯಕ್ಕೆ ನನಗೂ ಉಸ್ತಾದರಿಗೂ ಜಗಳವಾಯಿತು. ಟೈರಿನ ಮೇಲಿನ ಗೆರೆ ಇನ್ನೂ ಆಳವಿದೆ, ಯಾಕೆ ಬದಲಿಸಬೇಕು ಅಂದೆ. ಕೂತು, ಟೈರಿನ ಬದಿಯ ನಾಲ್ಕು ಅಂಕಿ ತೋರಿಸಿದರು: 2316. ಅಂದರೆ 2016ರ 23ನೇ ವಾರದಲ್ಲಿ ತಯಾರಾಗಿದ್ದು. ಉಗುರು ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿ, ಬದಿಯಲ್ಲಿ ಒಣ ಕೆರೆಯ ತಳದಂತೆ ಸಣ್ಣ ಬಿರುಕು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ನಾಲ್ಕೂ ಬದಲಿಸಿದೆ. ಏನನ್ನೂ ಬದಲಿಸಬೇಡಿ ಅನ್ನುವ ಮನುಷ್ಯ ಬದಲಿಸಿ ಅಂದಾಗ ವಾದ ಮಾಡಿದ್ದು ನನ್ನ ದಡ್ಡತನ.

ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಣ ಮಾಡಿಸಿದೆವು. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಕಾರಿಗೆ 5,000. ಐದು ವರ್ಷಕ್ಕೆ ಸಿಗುತ್ತದೆ. ಆರ್‌ಟಿಓಗೆ ಒಯ್ಯುವ ಮುಂಚೆ ಉಸ್ತಾದರು ಲೈಟು, ಬ್ರೇಕು, ಹಾರ್ನು, ಹೊಗೆ ನೋಡಿ ಕಳಿಸಿದರು, ಒಂದೇ ಸಲಕ್ಕೆ ಪಾಸು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಶುಲ್ಕವನ್ನು 10,000 ಮಾಡಿದ್ದಾರೆ. ಅಪ್ಪನಿಗೆ ಹೇಳಿದೆ. “ಆಗ ನೋಡೂಣು” ಅಂದರು. ಅವರಿಗೀಗ ಎಪ್ಪತ್ತೈದು.

ರಸೀದಿ ಇಲ್ಲ ಅಂದೆನಲ್ಲ, ಲೆಕ್ಕ ಇಲ್ಲ ಅಂತಲ್ಲ. ಪ್ರತಿ ಸಲ ಕೆಲಸ ಮುಗಿದ ಮೇಲೆ ಉಸ್ತಾದರು ಬಾನೆಟ್ಟಿನ ಒಳಮೈಗೆ ಬಿಳಿ ಪೇಂಟಿನ ಪೆನ್ನಿನಿಂದ ಬರೆಯುತ್ತಾರೆ, ಉರ್ದುವಿನಲ್ಲಿ. ಏನು ಮಾಡಿದ್ದು, ಯಾವತ್ತು, ಎಷ್ಟು ಕಿಲೋಮೀಟರಿಗೆ. ಮೊದಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಓದಿ ಹೇಳಿದವರು ಅಪ್ಪ. ನಮ್ಮ ಮುತ್ಯಾ ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಶಾಲೆ ಕಲಿತವರು, ಅಂಕಿಗಳನ್ನು ಮಗನಿಗೂ ಕಲಿಸಿದ್ದರು. ಸೊನ್ನೆ ಅಂದರೆ ಬರೀ ಚುಕ್ಕಿ. ಐದು ನಮ್ಮ ಸೊನ್ನೆಯಂತೆ ದುಂಡಗೆ. ಏಳು ಅಂಗಾತ ಬಟ್ಟಲು, ಎಂಟು ಬೋರಲು ಬಟ್ಟಲು. ಅಪ್ಪ ಬಾನೆಟ್ ಎತ್ತಿ ನಿಂತು, ಕನ್ನಡಕ ಹಣೆಗೇರಿಸಿ, ಮೀಟರ್ ಓದುತ್ತಿದ್ದ ಗತ್ತಿನಲ್ಲೇ ಗಟ್ಟಿಯಾಗಿ ಓದುತ್ತಾರೆ. ಈಗ ನನಗೂ ಬರುತ್ತದೆ. ಇನ್ನೊಂದು ಸಲ ಅದೇ ದೊಡ್ಡ ಸೆಂಟರಿನವರು ಉಚಿತ ತಪಾಸಣೆ ಅಂತ ಫೋನ್ ಮಾಡಿ ಕರೆದಿದ್ದರು. ಸರ್ವಿಸ್ ಹಿಸ್ಟರಿ ಕಳಿಸಿ ಮೇಡಂ ಅಂದಾಗ ಬಾನೆಟ್ಟಿನ ಫೋಟೋ ಕಳಿಸಿದೆ, ಮತ್ತೆ ಫೋನ್ ಬರಲಿಲ್ಲ.

ಹೋಗುವವರು ಬೆಳಿಗ್ಗೆ ಹತ್ತರ ಮೇಲೆ ನೇರ ಹೋಗಿ, ಶುಕ್ರವಾರ ಬಿಟ್ಟು. ನಗದು ಒಯ್ದರೆ ಒಳ್ಳೆಯದು. ಮೊಬೈಲಿನಿಂದ ದುಡ್ಡು ಕೊಡಲು ಉಸ್ತಾದರ ಮಗನ ಹೆಸರಿನ ಸ್ಕ್ಯಾನ್ ಚೀಟಿ ಇದೆ, ಮಗ ಇದ್ದಾಗ ಮಾತ್ರ ಗೋಡೆಯ ಮೇಲಿರುತ್ತದೆ. ಗಾಡಿಗೆ ಏನಾಗಿದೆ ಅಂತ ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಡಿ, ಯಾವಾಗ, ಯಾವ ರಸ್ತೆಯಲ್ಲಿ, ಎಂಥಾ ಸಪ್ಪಳ ಅಂತ ಅಷ್ಟೇ ಹೇಳಿ. ನಮ್ಮ ಗಾಡಿ ಈಗ 1,41,200ರಲ್ಲಿದೆ, ಬಾನೆಟ್ಟಿನಲ್ಲಿ ಮುಂದಿನ ಆಯಿಲಿಗೆ ಬರೆದಿದ್ದು 1,43,000. ಮುಂದಿನ ಎಡ ಚಕ್ರದಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು ಶುರುವಾಗಿದೆ. ಬೇರಿಂಗ್ ಅಂತ ನನ್ನ ಅನುಮಾನ. ಉಸ್ತಾದರು ಕೇಳಿ, “ಇನ್ನೂ ಟೈಮ್ ಅದ” ಅಂದಿದ್ದಾರೆ. ಕುರ್ಚಿ ಅಲ್ಲೇ ಬಿಟ್ಟು ಬಂದಿದ್ದೇನೆ.